ಹಂಗಾಮಿ ಗುರುವಿನ ಎಂಟು ಪಂದ್ಯಗಳು

2013ನೆಯ ಇಸವಿಯ ಸೆಪ್ಟೆಂಬರ್ 29ರ ನಸುಕಿನಲ್ಲಿ, ಅರಿಜೋನಾ ಸ್ಟೇಟ್ ತಂಡದೆದುರು 62–41 ಅಂಕಗಳಿಂದ ಪರಾಭವಗೊಂಡ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು ಲಾಸ್ ಏಂಜಲಿಸ್ ವಿಮಾನನಿಲ್ದಾಣಕ್ಕೆ ಹಿಂದಿರುಗಿದೊಡನೆಯೇ, ಮುಖ್ಯ ತರಬೇತುದಾರರಾದ ಲೇನ್ ಕಿಫಿನ್ನರನ್ನು ಕ್ರೀಡಾ ನಿರ್ದೇಶಕರಾದ ಪ್ಯಾಟ್ ಹೇಡನ್ನರು ಅಲ್ಲಿಯೇ ಪದಚ್ಯುತಗೊಳಿಸಿದರು. ಅಷ್ಟರಲ್ಲಿ ಐದು ಪಂದ್ಯಗಳು ಮುಗಿದು ಮೂರರಲ್ಲಿ ಗೆಲವೂ ಎರಡರಲ್ಲಿ ಸೋಲೂ ದೊರೆತಿದ್ದುವು. ತವರಿನ ಕಾಲಿಸಿಯಂ ಅಂಗಣದಲ್ಲಿ ವಾಷಿಂಗ್ಟನ್ ಸ್ಟೇಟ್ ತಂಡಕ್ಕೆ 10–7ರಿಂದ ಮಣಿದ ದಿನ, ಕಿಫಿನ್ನರನ್ನು ತೆಗೆದುಹಾಕಿರೆಂದು ಸ್ವಂತ ಅಭಿಮಾನಿಗಳೇ ಕೂಗಿದ್ದರು. ಉಳಿದ ಎಂಟು ಪಂದ್ಯಗಳನ್ನು ನಡೆಯಿಸುವ ಭಾರವು ರಕ್ಷಣಾ ಪಂಕ್ತಿಯ ಶಿಕ್ಷಕರಾಗಿದ್ದ ಎಡ್ ಓರ್ಜೆರಾನ್ನರ ಹೆಗಲಿಗೆ ಬಿದ್ದಿತು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ; ನಾಲ್ಕು ಯತ್ನಗಳೊಳಗೆ ಚೆಂಡನ್ನು ಹತ್ತು ಗಜ ಮುಂದೊಯ್ಯದಿದ್ದರೆ ಅದನ್ನು ಎದುರಾಳಿಗೆ ಒಪ್ಪಿಸಬೇಕಾದ, ಪ್ರತಿಯೊಂದು ನಡೆಯನ್ನೂ ಮೊದಲೇ ನಿಶ್ಚಯಿಸಿಕೊಂಡು ಆಡಬೇಕಾದ ಆಟವದು. ಅಲ್ಲಿನ ಕಾಲೇಜು ತಂಡದಲ್ಲಿ ಮುಖ್ಯ ತರಬೇತುದಾರನು ಹುಡುಗರ ಮನೆಗೆ ಹೋಗಿ ತಾಯ್ತಂದೆಯರನ್ನು ಒಡಂಬಡಿಸುವುದರಿಂದ ಹಿಡಿದು ಕೊನೆಯ ನಿಮಿಷದ ಸಾಹಸವನ್ನು ನಿರ್ಣಯಿಸುವವರೆಗೆ ಸರ್ವಾಧಿಕಾರಿ. ಹಂಗಾಮಿಯಾಗಿ ಬಂದವನಿಗಾದರೋ ಅಧಿಕಾರದ ಹೊಣೆಯಷ್ಟೇ ಸಲ್ಲುತ್ತದೆ, ಅದರ ಕಾಲಾವಕಾಶ ಸಲ್ಲುವುದಿಲ್ಲ: ಆಟಗಾರರು ಇನ್ನೊಬ್ಬರು ಆರಿಸಿದವರು, ವ್ಯೂಹಗಳು ಇನ್ನೊಬ್ಬರು ಕಲಿಸಿದವು. ಆದಕಾರಣ ಇಂಥ ಋತುವನ್ನು ವಿಮರ್ಶಿಸುವವನು ಮೊದಲು ವಿಚಾರಿಸಬೇಕಾದುದು, ಬದಲಾಯಿಸಲು ಸಾಧ್ಯವಿದ್ದ ಸ್ವಲ್ಪವನ್ನು ಆತನು ಹೇಗೆ ಬದಲಾಯಿಸಿದನೆಂಬುದನ್ನು.

ಓರ್ಜೆರಾನ್ನರ ಕೈಗೆ ಬಂದದ್ದು ಸೊರಗಿದ ತಂಡ. ರೆಜಿ ಬುಷ್ ಎಂಬ ಹಿಂದಿನ ಆಟಗಾರನ ಪ್ರಕರಣದಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾಸಂಸ್ಥೆಯು 2010ರಲ್ಲಿ ವಿಧಿಸಿದ ದಂಡನೆಯಿಂದ ಮೂರು ವರ್ಷಗಳಲ್ಲಿ 30 ವಿದ್ಯಾರ್ಥಿವೇತನಗಳು ಕಡಿತವಾಗಿದ್ದುದರಿಂದ, ಗಾಯಗೊಂಡವನ ಸ್ಥಾನದಲ್ಲಿ ನಿಲ್ಲಿಸಲು ಬದಲಿ ಆಳು ಸಿಗುವುದೇ ದುರ್ಲಭವಾಗಿತ್ತು. ಅವರ ಪೂರ್ವಚರಿತ್ರೆಯೂ ಭರವಸೆ ಕೊಡುವಂಥದಾಗಿರಲಿಲ್ಲ. 2005ರಿಂದ 2007ರವರೆಗೆ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಮುಖ್ಯ ತರಬೇತುದಾರರಾಗಿದ್ದಾಗ 10 ಗೆಲವು, 25 ಸೋಲುಗಳನ್ನು ಕಂಡು ಹುದ್ದೆ ಕಳೆದುಕೊಂಡವರು ಅವರು. ಈಗ ಅವರು ಕೈಹಾಕಿದುದು ವ್ಯೂಹರಚನೆಗಲ್ಲ, ವಾತಾವರಣಕ್ಕೆ. ಊಟದ ಮೇಜಿನಿಂದ ಮಾಯವಾಗಿದ್ದ ಸಿಹಿತಿನಿಸುಗಳು ಮರಳಿ ಬಂದುವು. ಇದು ಅಲ್ಪವೆಂದು ತೋರಬಹುದು. ಆದರೆ ಇಪ್ಪತ್ತರ ಆಸುಪಾಸಿನ ಹುಡುಗರು ತಮ್ಮನ್ನು ಯಾರೋ ಮನೆಯ ಮಕ್ಕಳಂತೆ ಕಾಣುತ್ತಿರುವರೆಂದು ಅರಿಯುವುದು ಇಂಥ ಚಿಕ್ಕ ಸಂಗತಿಗಳಿಂದಲೇ ಹೊರತು ದೀರ್ಘೋಪನ್ಯಾಸಗಳಿಂದಲ್ಲ. ಈ ಪ್ರೀತಿಯನ್ನು ತರಬೇತಿಯ ಅಂಗವೆಂದೇ ನಾನು ಎಣಿಸುತ್ತೇನೆ.

ಅದರ ಫಲ ನವೆಂಬರ್ 16ರ ಸ್ಟ್ಯಾನ್‌ಫರ್ಡ್ ಪಂದ್ಯದಲ್ಲಿ ಪ್ರತ್ಯಕ್ಷವಾಯಿತು. ದೇಶದ ಅಗ್ರಪಂಕ್ತಿಯ ತಂಡಗಳಲ್ಲೊಂದು ಎದುರಿಗಿತ್ತು. ಉಭಯರೂ 17 ಅಂಕಗಳಲ್ಲಿ ಸಮನಾಗಿ ನಿಂತಿದ್ದರು. ಅಂತ್ಯ ಸಮೀಪಿಸಿದಾಗ ಸುವಾ ಕ್ರೇವನ್ಸ್ ಎಂಬ ಪ್ರಥಮ ವರ್ಷದ ಹುಡುಗನು ಎದುರಾಳಿಯ ಎಸೆತವನ್ನು ನಡುವೆಯೇ ಕಸಿದುಕೊಂಡನು. ಬಳಿಕ ಮೂರು ಯತ್ನಗಳು ತೀರಿ, ನಾಲ್ಕನೆಯದಕ್ಕೆ ಎರಡು ಗಜ ಉಳಿದಿತ್ತು. ಚೆಂಡನ್ನು ದೂರಕ್ಕೊದ್ದು ಸ್ಟ್ಯಾನ್‌ಫರ್ಡಿಗೆ ಒಪ್ಪಿಸುವುದು ವಿವೇಕವೆನಿಸಿಕೊಳ್ಳುತ್ತಿತ್ತು. ವಿಫಲವಾದರೆ ಅಂಗಣದ ನಡುಮಧ್ಯದಲ್ಲಿ ಎದುರಾಳಿಗೆ ಗೆಲವಿನ ಹಾದಿಯನ್ನು ತಾವೇ ತೆರೆದುಕೊಟ್ಟಂತಾಗುತ್ತಿತ್ತು. ಓರ್ಜೆರಾನ್ನರು ಮುಂದುವರಿಯಿರೆಂದರು. ಕೋಡಿ ಕೆಸ್ಲರನು ಎಸೆದ ಚೆಂಡನ್ನು, ನೋವಿನಲ್ಲಿಯೇ ಆಡುತ್ತಿದ್ದ ಮಾರ್ಕಿಸ್ ಲೀ ಹಿಡಿದು 13 ಗಜ ಗಳಿಸಿದನು. ಒಂದು ತಿಂಗಳ ಹಿಂದೆ ನೋಟರ್ ಡೇಮ್ ವಿಶ್ವವಿದ್ಯಾಲಯದೆದುರಿನ ಪಂದ್ಯದಲ್ಲಿ ಗುರಿ ತಪ್ಪಿಸಿ ತಂಡದ ಸೋಲಿಗೆ ಪಾಲುದಾರನಾಗಿದ್ದ ಆಂಡ್ರೆ ಹೈದರಿ, 19 ಸೆಕೆಂಡುಗಳು ಉಳಿದಿರುವಾಗ, 47 ಗಜಗಳ ದೂರದಿಂದ ಒದ್ದು ಚೆಂಡನ್ನು ಕಂಬಗಳ ನಡುವೆ ಹಾಯಿಸಿದನು. 20–17. ಜನಸಮೂಹ ಅಂಗಣಕ್ಕೆ ನುಗ್ಗಿತು. ಎಡವಿದ ಹುಡುಗನನ್ನು ಮೂಲೆಗೆ ತಳ್ಳದೆ ಅದೇ ಕೆಲಸಕ್ಕೆ ಮತ್ತೆ ನಿಲ್ಲಿಸಿದುದು ನನಗೆ ಆ ನಾಲ್ಕನೆಯ ಯತ್ನದ ಧೈರ್ಯಕ್ಕಿಂತಲೂ ದೊಡ್ಡದೆಂದು ತೋರುತ್ತದೆ.

ಹಾಗೆಂದು ದೋಷಗಳನ್ನು ಮರೆಮಾಚಲಾಗದು. ನೋಟರ್ ಡೇಮಿನಲ್ಲಿ 14–10ರಿಂದ ಸೋತ ಪಂದ್ಯದ ಉತ್ತರಾರ್ಧದಲ್ಲಿ ತಂಡ ಒಂದಂಕವನ್ನೂ ಗಳಿಸಲಿಲ್ಲ. ಎದುರಾಳಿಯ ಮುಖ್ಯ ಎಸೆತಗಾರ ಗಾಯಗೊಂಡು ಹೊರನಡೆದ ಮೇಲೂ ಆ ಅವಕಾಶವನ್ನು ಬಳಸಿಕೊಳ್ಳಬಲ್ಲ ಉಪಾಯ ಹೊಳೆಯಲಿಲ್ಲ. ಯೂಟಾ, ಆರೆಗಾನ್ ಸ್ಟೇಟ್, ಕ್ಯಾಲಿಫೋರ್ನಿಯಾ, ಸ್ಟ್ಯಾನ್‌ಫರ್ಡ್, ಕೊಲರಾಡೊ ಎಂದು ಸತತವಾಗಿ ಐವರನ್ನು ಗೆದ್ದು ಬಂದವರು, ನವೆಂಬರ್ 30ರಂದು ಅದೇ ನಗರದ ಪ್ರತಿಸ್ಪರ್ಧಿಯಾದ ಯುಸಿಎಲ್‌ಎಗೆ ತವರಿನಲ್ಲಿಯೇ 35–14ರಿಂದ ಶರಣಾದರು. ಅದು ಅದೃಷ್ಟದ ಸೋಲಲ್ಲ, ಸರ್ವಾಂಗೀಣ ಸೋಲು. ಉತ್ಸಾಹದಿಂದ ತುಂಬಿದ ಕೊರತೆ ಉತ್ಸಾಹ ಸೋತ ದಿನ ಹಾಗೆಯೇ ಬಯಲಾಯಿತು.

ಡಿಸೆಂಬರ್ 2ರಂದು ಹೇಡನ್ನರು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಟೀವ್ ಸಾರ್ಕಿಸಿಯನ್ನರನ್ನು ಖಾಯಂ ಮುಖ್ಯ ತರಬೇತುದಾರರನ್ನಾಗಿ ಕರೆತಂದರು. ಆರು ಗೆಲವು, ಎರಡು ಸೋಲುಗಳ ಲೆಕ್ಕವೊಪ್ಪಿಸಿ ಓರ್ಜೆರಾನ್ನರು ಹೊರನಡೆದರು. ಋತುವಿನ ನಂತರದ ಆಹ್ವಾನಪಂದ್ಯವಾದ ಲಾಸ್ ವೇಗಸ್ ಬೌಲನ್ನು ಸಹಾಯಕ ತರಬೇತುದಾರರಾಗಿದ್ದ ಕ್ಲೇ ಹೆಲ್ಟನ್ನರು ನಡೆಯಿಸಿದರು. 2016ರಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓರ್ಜೆರಾನ್ನರು ಮತ್ತೆ ಹಂಗಾಮಿಯಾದರು. ಅಲ್ಲಿಯೂ ಅಲಬಾಮಾ, ಫ್ಲಾರಿಡಾಗಳಂಥ ಎರಡು ಪ್ರಬಲ ತಂಡಗಳಿಗೆ ಸೋತು ಉಳಿದೈದನ್ನು ಗೆದ್ದರು. ಹೆಚ್ಚುಕಡಿಮೆ ಅದೇ ಫಲಿತಾಂಶ. ಆದರೆ ಅವರ ತವರುರಾಜ್ಯದವರು ಅವರನ್ನೇ ಉಳಿಸಿಕೊಂಡರು. 2019ರಲ್ಲಿ ಆ ತಂಡ ಹದಿನೈದಕ್ಕೆ ಹದಿನೈದನ್ನೂ ಗೆದ್ದು ರಾಷ್ಟ್ರಪ್ರಶಸ್ತಿ ಪಡೆಯಿತು. 2021ರಲ್ಲಿ ಅವರು ಅಲ್ಲಿಂದಲೂ ನಿರ್ಗಮಿಸಬೇಕಾಯಿತು. ಆ ಪ್ರಶಸ್ತಿಯನ್ನಾಗಲಿ ಆ ನಿರ್ಗಮನವನ್ನಾಗಲಿ 2013ರ ಸಾಕ್ಷಿಯನ್ನಾಗಿ ಕರೆಯುವುದು ನ್ಯಾಯವಲ್ಲ. ಆ ಎಂಟು ಪಂದ್ಯಗಳನ್ನು ಅವುಗಳಷ್ಟಕ್ಕೇ ನೋಡಿದರೂ, ಕೃಶವಾದ ಬಳಗದಿಂದ ಇಷ್ಟನ್ನು ಸಾಧಿಸಿದವರಿಗೆ ಪೂರ್ಣವಾದ ಒಂದು ಋತುವಾದರೂ ಸಲ್ಲಬೇಕಾಗಿತ್ತೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯವು ಎಂಟರ ತೂಕವನ್ನು ನೋಡದೆ ಎರಡರ ತೂಕವನ್ನಷ್ಟೇ ನೋಡಿತು. 2015ರ ಅಕ್ಟೋಬರಿನಲ್ಲಿ ಸಾರ್ಕಿಸಿಯನ್ನರನ್ನೂ ಋತುವಿನ ನಡುವೆಯೇ ತೆಗೆದು ಹೆಲ್ಟನ್ನರನ್ನು ಹಂಗಾಮಿಯಾಗಿ ನೇಮಿಸಿದ ಅದೇ ವಿಶ್ವವಿದ್ಯಾಲಯ, ನವೆಂಬರ್ 28ರಂದು ಅವರು ಯುಸಿಎಲ್‌ಎಯನ್ನು ಸೋಲಿಸಲಾಗಿ, ಎರಡೇ ದಿನಗಳಲ್ಲಿ ಅವರಿಗೆ ಹುದ್ದೆಯನ್ನು ಖಾಯಂ ಮಾಡಿತು.