‘ಮಾನವೋತ್ತರಣ’: ಒಂದು ವಿಮರ್ಶೆ

ಜೀವವಿಜ್ಞಾನಿ ಜೂಲಿಯನ್ ಹಕ್ಸ್ಲಿಯವರು 1957ರಲ್ಲಿ ಪ್ರಕಟಿಸಿದ ‘ಟ್ರಾನ್ಸ್‌ಹ್ಯೂಮನಿಸಂ’ ಎಂಬ ಪ್ರಬಂಧವು ಗಾತ್ರದಲ್ಲಿ ಕಿರಿದಾದರೂ ಆಶಯದಲ್ಲಿ ಹಿರಿದು. ವಿಜ್ಞಾನದ ಬಲದಿಂದ ಮನುಷ್ಯನು ತನ್ನ ದೇಹ-ಬುದ್ಧಿಗಳ ಮೇರೆಗಳನ್ನು ಮೀರಬೇಕೆನ್ನುವ ಇಂದಿನ ತತ್ತ್ವದ ಹೆಸರು ಪ್ರಚಾರಕ್ಕೆ ಬಂದುದು ಬಹುಮಟ್ಟಿಗೆ ಇದರಿಂದಲೇ. ಈ ಪದವನ್ನು ‘ಅತಿಮಾನವವಾದ’ವೆಂದು ಕನ್ನಡಿಸುವುದು ನಮಗೆ ಸರಿದೋರದು. ಮನುಷ್ಯತ್ವವನ್ನು ತೊರೆಯದೆಯೇ ಮನುಷ್ಯನು ತನ್ನನ್ನು ದಾಟಬಲ್ಲನೆಂಬುದು ಲೇಖಕರ ಅಭಿಪ್ರಾಯವಾದುದರಿಂದ ‘ಮಾನವೋತ್ತರಣ’ವೆಂದು ಕರೆಯೋಣ.

ಗುಣವನ್ನು ಮೊದಲು ಹೇಳಬೇಕು. ಬಡತನ, ರೋಗ, ಅಜ್ಞಾನಗಳು ವಿಧಿಲಿಖಿತವಲ್ಲ. ಮನುಷ್ಯ ಸ್ವಭಾವದಲ್ಲಿ ಇನ್ನೂ ಅರಿಯದ ಶಕ್ತಿಗಳಿವೆ. ಅವನ್ನು ಅರಸಿ ಬೆಳೆಸುವುದು ನಮ್ಮ ಹೊಣೆ ಎಂದು ಅವರು ವಾದಿಸುತ್ತಾರೆ. 1946ರಲ್ಲಿ ಯುನೆಸ್ಕೋ ಸಂಸ್ಥೆಯ ಮೊದಲ ಮಹಾನಿರ್ದೇಶಕರಾದವರಿಗೆ ಇದು ತಕ್ಕ ಮಾತೇ. ಹಲಗೆಯ ಅಕ್ಷರ ಕಾಣದೆ ‘ದಡ್ಡ’ನೆನಿಸಿಕೊಂಡಿದ್ದ ಹುಡುಗನು ಕನ್ನಡಕ ಬಂದ ವಾರದಲ್ಲೇ ಓದತೊಡಗಿದುದನ್ನು ನಾವು ತರಗತಿಯಲ್ಲಿ ಕಂಡಿದ್ದೇವೆ. ಉಪಕರಣವನ್ನು ಹಳಿಯುವ ಬಾಯಿ ನಮಗಿಲ್ಲ.

ಆದರೆ ಜನರ ಸಂಖ್ಯೆಗಿಂತ ಗುಣಮಟ್ಟವೇ ಮುಖ್ಯವೆಂದು ಪ್ರಬಂಧವು ಸಾರುವಲ್ಲಿ ನಮಗೆ ಸಂದೇಹ ಹುಟ್ಟುತ್ತದೆ. ಆ ಗುಣವನ್ನು ಅಳೆಯುವವರು ಯಾರು? ಲೇಖಕರು ಉತ್ತರಿಸುವುದಿಲ್ಲ. ಅವರು 1959ರಿಂದ 1962ರವರೆಗೆ ಬ್ರಿಟನ್ನಿನ ಸುಸಂತತಿಶಾಸ್ತ್ರ ಸಂಘದ ಅಧ್ಯಕ್ಷರಾಗಿದ್ದುದನ್ನು ನೆನೆದರೆ ಈ ಮೌನವು ಹಗುರವೆನಿಸದು.

ಸೋಜಿಗವೆಂದರೆ, ಅವರ ತಮ್ಮ ಆಲ್ಡಸ್ ಹಕ್ಸ್ಲಿಯವರು ಈ ಪ್ರಶ್ನೆಯನ್ನು 25 ವರ್ಷ ಮೊದಲೇ, 1932ರ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯಲ್ಲಿ ಎತ್ತಿದ್ದರು. ಅಲ್ಲಿ ಶಿಶುಗಳು ಸೀಸೆಗಳಲ್ಲಿ ಬೆಳೆಯುತ್ತವೆ; ಕೆಳವರ್ಗಕ್ಕೆಂದು ಗೊತ್ತುಮಾಡಿದ ಭ್ರೂಣಕ್ಕೆ ಪ್ರಾಣವಾಯುವನ್ನೇ ಕಡಮೆ ಮಾಡುತ್ತಾರೆ. ಒಂದು ಸನ್ನಿವೇಶವಂತೂ ಅಧ್ಯಾಪಕರ ಎದೆ ನಡುಗಿಸುವಂಥದು: ಎಂಟು ತಿಂಗಳ ಕೂಸುಗಳ ಮುಂದೆ ಪುಸ್ತಕಗಳನ್ನೂ ಹೂಗಳನ್ನೂ ಇರಿಸಿ, ಅವು ನಲಿದು ಕೈಚಾಚಿದೊಡನೆ ಕರ್ಕಶ ಸದ್ದು, ಬಳಿಕ ವಿದ್ಯುದಾಘಾತ! ಜೀವಮಾನವಿಡೀ ಅವು ಪುಸ್ತಕವನ್ನು ದ್ವೇಷಿಸಬೇಕು. ಇದೂ ಒಂದು ‘ಸುಧಾರಣೆ’ಯೇ, ಅಳತೆಗೋಲು ಮಾತ್ರ ಆಳುವವರದು. ಪಾತ್ರಗಳು ಹಲವೆಡೆ ವಾದದ ಮುಖವಾಡಗಳಾಗಿವೆ ಎಂಬ ದೋಷವನ್ನು ಈ ಒಂದು ಸನ್ನಿವೇಶವೇ ಮರೆಸುತ್ತದೆ.

ಗಡಿನಾಡಿನ ಶಾಲೆಯವರಾದ ನಮಗೆ ಇದು ದೂರದ ಮಾತಲ್ಲ. ಮನೆಯ ನುಡಿ ಒಂದು, ಕಚೇರಿಯ ನುಡಿ ಇನ್ನೊಂದಾದ ಮಗುವು ಪರರ ಅಳತೆಗೋಲಿಗೆ ಗಿಡ್ಡವಾಗಿ ಕಾಣುತ್ತದೆ. ಅದರ ನುಡಿಯಲ್ಲೇ ಕೇಳಿದರೆ ಥಟ್ಟನೆ ಉತ್ತರಿಸುತ್ತದೆ. ಕೊರತೆಯಿದ್ದುದು ಮಗುವಿನಲ್ಲೋ, ಕೋಲಿನಲ್ಲೋ?

ಆದುದರಿಂದ ಅಣ್ಣನ ಪ್ರಬಂಧವನ್ನು ತಮ್ಮನ ಕಾದಂಬರಿಯೊಡನೆ ಓದುವುದು ಲೇಸು. ಕನ್ನಡಕವು ಹುಡುಗನಿಗೆ ಹಲಗೆಯನ್ನು ತೋರಿಸಿತು. ಅವನು ಏನಾಗಬೇಕೆಂಬುದನ್ನು ವಿಧಿಸಲಿಲ್ಲ. ಆ ಮೇರೆಯೊಳಗಿನ ಉತ್ತರಣವು ನಮಗೆ ಒಪ್ಪಿಗೆ.