ತಾಯಿಕುದುರೆಯ ನೆತ್ತರ ದಾರಿ

ಚೆಂದದ ಕುದುರೆಮರಿ ಕಂಡ ಕೂಡಲೇ ಜನ ಕೇಳುವುದು ತಂದೆಯ ಹೆಸರು. ತಾಯಿ ಎಷ್ಟು ರೇಸ್ ಗೆದ್ದವಳು ಎಂದು ವಿಚಾರಿಸುವವರೂ ಇದ್ದಾರೆ. ಅವಳ ಗರ್ಭಕೋಶ ಹೇಗಿದೆ ಎಂದು ಕೇಳುವವರು ತೀರ ಕಡಿಮೆ. ಇಷ್ಟು ವರ್ಷ ಲಾಯಗಳ ಸುತ್ತ ಓಡಾಡಿದ ನನಗೆ ಅತಿ ಸೊಗಸಾಗಿ ಕಂಡಿರುವುದು ಅದೇ. ಮೂರು ವಾರಕ್ಕೊಮ್ಮೆ ಅಲ್ಲಿನ ರಕ್ತನಾಳಗಳು ಬಾರದ ಅತಿಥಿಗೂ ಮನೆ ಸಜ್ಜುಮಾಡುತ್ತವೆ.

ಅದನ್ನು ಮೊದಲು ಕಂಡದ್ದು ಸ್ಟಡ್ ಫಾರ್ಮ್ ಒಂದರ ಬೆಳಗಿನ ಸ್ಕ್ಯಾನಿಂಗ್ ಹೊತ್ತಿನಲ್ಲಿ. ಕುದುರೆಯನ್ನು ಮರದ ಕಟಕಟೆಯೊಳಗೆ ನಿಲ್ಲಿಸಿದ್ದರು. ಪರದೆಯ ಮೇಲೆ, ಅಡ್ಡಕ್ಕೆ ಕೊಯ್ದ ಕಿತ್ತಳೆ ಹಣ್ಣಿನ ಹಾಗೆ, ತೊಳೆ ತೊಳೆಯಾಗಿ ಹರಡಿದ ಒಂದು ಚಿತ್ರ. “ಬೆದೆ ಚೆನ್ನಾಗಿ ಬಂದಿದೆ” ಎಂದರು ಡಾಕ್ಟರು. ಅಂಡಾಶಯದಲ್ಲಿ ಬಲಿಯುತ್ತಿರುವ ಕೋಶ ಸುರಿಸುವ ಈಸ್ಟ್ರೋಜನ್ ಗರ್ಭಕೋಶದ ನಾಳಗಳನ್ನು ಸಡಿಲಗೊಳಿಸುತ್ತದೆ. ರಕ್ತ ಹೆಚ್ಚಿ ಹರಿಯುತ್ತದೆ, ನಾಳಗಳಿಂದ ಒಸರಿದ ನೀರು ಒಳಪೊರೆಯ ಮಡಿಕೆಗಳಲ್ಲಿ ತುಂಬಿಕೊಳ್ಳುತ್ತದೆ. ಕಿತ್ತಳೆಯ ತೊಳೆಗಳೆಂದರೆ ಆ ಊದಿಕೊಂಡ ಮಡಿಕೆಗಳೇ. ಕೋಶ 35ರಿಂದ 45 ಮಿಲಿಮೀಟರಿಗೆ ಬೆಳೆದು ಒಡೆಯುವುದಕ್ಕೆ ಒಂದೆರಡು ದಿನ ಮುಂಚೆ ಈ ಊತ ಇಳಿಯತೊಡಗುತ್ತದೆ. ಅನುಭವಿ ಡಾಕ್ಟರು ಆ ಇಳಿತವನ್ನೇ ಕಾಯುತ್ತಾರೆ. ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಮನ್ನಣೆ ಇಲ್ಲ. ಹಾಗಾಗಿ ಬೇಡಿಕೆಯ ಗಂಡುಕುದುರೆಯ ಸರದಿ ಸಿಗುವ ಆ ಒಂದು ದಿನ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು.

ಬಣ್ಣದ ಡಾಪ್ಲರ್ ಸ್ಕ್ಯಾನ್ ಬಂದ ಮೇಲೆ ರಕ್ತ ಹರಿಯುವುದನ್ನೇ ನೋಡುವ ಭಾಗ್ಯ ಸಿಕ್ಕಿತು. ಜರ್ಮನಿಯ ಸಂಶೋಧಕ ಬೋಲ್ವೈನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಗರ್ಭಕೋಶದ ಎರಡೂ ಬದಿಯ ಧಮನಿಗಳಲ್ಲಿನ ಹರಿವನ್ನು ಅಳೆದರು. ಒಂದು ಋತುಚಕ್ರದಲ್ಲಿ ರಕ್ತ ಎರಡು ಸಲ ಉಬ್ಬಿ ಹರಿಯುತ್ತದೆ ಎಂದು ತಿಳಿಯಿತು: ಅಂಡ ಬಿಡುಗಡೆಗೆ ಮುಂಚೆ ಒಮ್ಮೆ, ಆಮೇಲೆ ಐದನೆಯ ದಿನದ ಸುಮಾರಿಗೆ ಇನ್ನೊಮ್ಮೆ. ಎರಡನೆಯದರ ಮೇಲೆಯೇ ನನಗೆ ಹೆಚ್ಚು ಪ್ರೀತಿ. ಗಬ್ಬ ಕಟ್ಟಿದ್ದರೆ ಭ್ರೂಣ ಗರ್ಭಕೋಶಕ್ಕೆ ಇಳಿಯುವುದು ಅದಾದ ಒಂದು ದಿನಕ್ಕೇ.

ಆ ಭ್ರೂಣ ಇಳಿದ ಕಡೆ ಕೂರುವುದೂ ಇಲ್ಲ. ಹದಿನಾರನೆಯ ದಿನದವರೆಗೂ ಗರ್ಭಕೋಶದ ಎರಡೂ ಕವಲುಗಳಲ್ಲಿ, ಅಂದರೆ ಕೊಂಬುಗಳಲ್ಲಿ, ಅಡ್ಡಾಡುತ್ತಲೇ ಇರುತ್ತದೆ. ವಿಸ್ಕಾನ್ಸಿನ್ನಿನ ಗಿಂಥರ್ ತಂಡ ಕಂಡುಕೊಂಡಂತೆ, ಅದು ಯಾವ ಕೊಂಬಿಗೆ ಹೋಗುತ್ತದೋ ಆ ಕೊಂಬಿನಲ್ಲಿ ರಕ್ತದ ಹರಿವು ಏರುತ್ತದೆ. ಈ ಅಲೆದಾಟಕ್ಕೆ ಕಾರಣವುಂಟು. ಹಸುವಿನಲ್ಲಿ ಗರ್ಭಕೋಶದ ಅಭಿಧಮನಿಗೆ ಅಂಡಾಶಯದ ಧಮನಿ ಸುತ್ತಿಕೊಂಡಿರುತ್ತದೆ. ಬಸಿರಿಲ್ಲ ಎಂಬ ಸುದ್ದಿ ಹೊತ್ತು ಗರ್ಭಕೋಶದಿಂದ ಹೊರಡುವ ಪ್ರೊಸ್ಟಗ್ಲಾಂಡಿನ್ ಎಂಬ ರಸ ಅದೇ ಬದಿಯ ಅಂಡಾಶಯಕ್ಕೆ ನೇರ ದಾಟುತ್ತದೆ. ಕುದುರೆಯಲ್ಲಿ ಆ ಎರಡು ನಾಳಗಳಿಗೆ ಅಂಥ ಸಾಮೀಪ್ಯ ಇಲ್ಲ. ಸುದ್ದಿ ಇಡೀ ಮೈ ಸುತ್ತಿ ಬರಬೇಕು. ಹಾಗಾಗಿ ಪುಟ್ಟ ಭ್ರೂಣ ತಾನೇ ಗರ್ಭಕೋಶದ ಮೂಲೆಮೂಲೆಗೂ ಹೋಗಿ, ನಾನಿದ್ದೇನೆ ಎಂದು ತಿಳಿಸಿ, ಆ ಸುದ್ದಿ ಹೊರಡದಂತೆ ತಡೆಯಬೇಕು.

ಇಷ್ಟು ಸೂಕ್ಷ್ಮದ ನಾಳಗಳು ಸವೆಯದೆ ಇರುತ್ತವೆಯೇ? ಪ್ರತಿ ಬಸಿರಿನಲ್ಲೂ ಹನ್ನೊಂದು ತಿಂಗಳು ಹಿಗ್ಗಿ, ಈದ ಮೇಲೆ ಕುಗ್ಗಿ, ಹಲವು ಮರಿ ಹೆತ್ತವಳಲ್ಲಿ ಅವುಗಳ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ರಕ್ತ ಸಾಲದೆ ಒಳಪೊರೆ ಬಡವಾಗುತ್ತದೆ. ಕೂಡಿಸಿದ ಮೇಲೆ ಒಳಗೆ ಉಳಿದ ನೀರು ಬೇಗ ಬರಿದಾಗದೆ ಸೋಂಕಿಗೆ ದಾರಿಯಾಗುತ್ತದೆ. ಈಯುವ ಹೊತ್ತಿನಲ್ಲಿ ಗರ್ಭಕೋಶದ ಧಮನಿ ಒಡೆದು ಪ್ರಾಣ ಬಿಡುವ ತಾಯಂದಿರಲ್ಲಿ ಹೆಚ್ಚಿನವರು ವಯಸ್ಸಾದ, ಬಹಳ ಮರಿ ಕೊಟ್ಟವರೇ. ಹೊರಗಿನಿಂದ ನೋಡಿದರೆ ಮೈ ಮಿರಿಮಿರಿ ಮಿಂಚುತ್ತಿರುತ್ತದೆ.

ಟಿಪ್ಪುವಿನ ಕಾಲದಿಂದ ಕುಣಿಗಲ್ಲಿನಲ್ಲಿ ಕುದುರೆ ಬೆಳೆಸಿದ ನಾಡು ನಮ್ಮದು. ಬ್ರೂಡ್‌ಮೇರ್, ಅಂದರೆ ಮರಿ ಪಡೆಯಲೆಂದೇ ಸಾಕುವ ಹೆಣ್ಣುಕುದುರೆ, ಕೊಳ್ಳಲು ಹೊರಟವರು ವಂಶಾವಳಿಯ ಹಾಳೆಯೊಂದನ್ನೇ ನಂಬಬೇಡಿ. ಗರ್ಭಕೋಶದ ಸ್ಕ್ಯಾನ್ ಕೇಳಿ. ವಯಸ್ಸು ಹನ್ನೆರಡು ದಾಟಿದ್ದರೆ ಒಳಪೊರೆಯ ಬಯಾಪ್ಸಿಯನ್ನೂ ಕೇಳಿ. ಹದಿನೆಂಟರ ಹಿರಿಯಳೊಬ್ಬಳಿಗೆ ಒಂದು ವರ್ಷ ಬಿಡುವು ಕೊಟ್ಟರೆ ಯಾವ ಲಾಯವೂ ಮುಳುಗುವುದಿಲ್ಲ, ದಯವಿಟ್ಟು ಕೊಡಿ.