ಬ್ಯಾಳಿ ಬಿಡಿಸುವ ಪಥ್ಯ

ಹೆಬ್ಬೆರಳ ಕೀಲು ಬಾತು ಕೆಂಪಾಗಿ, ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಹೆಚ್ಚು ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಮೊದಲು ಕಿವಿಗೆ ಬೀಳುವ ಮಾತು ‘ಬ್ಯಾಳಿ ಬಿಡ್ರಿ’ ಎಂಬುದು. ನೆರೆಯವರೂ ಹೇಳುತ್ತಾರೆ, ಔಷಧ ಅಂಗಡಿಯವರೂ ಹೇಳುತ್ತಾರೆ. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು. ನಾಡಿಗೆ ಇದು ತೊಗರಿ ಕಣಜ. ಅಂಥ ಸೀಮೆಯ ತಾಟಿನಿಂದಲೇ ಬೇಳೆಯನ್ನು ಎತ್ತಿಹಾಕುವ ಈ ಪಥ್ಯಕ್ಕೆ ಆಧಾರ ಗಟ್ಟಿಯಿಲ್ಲ.

ಬೇಳೆಯಲ್ಲಿ ಪ್ರೋಟೀನ್ ಹೆಚ್ಚು, ಆದ್ದರಿಂದ ಯೂರಿಕ್ ಆಮ್ಲ ಏರುತ್ತದೆ ಎಂಬುದೇ ಇದರ ಹಿಂದಿರುವ ತರ್ಕ. ತಪ್ಪುವುದು ಇಲ್ಲೇ. ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಸರಪಳಿ. ಅದು ಒಡೆದಾಗ ಹೊರಬರುವ ಸಾರಜನಕವನ್ನು ಯಕೃತ್ತು ಯೂರಿಯಾ ಆಗಿ ಮಾರ್ಪಡಿಸುತ್ತದೆ, ಮೂತ್ರದಲ್ಲಿ ಅದು ಹೋಗುತ್ತದೆ. ಪ್ಯೂರಿನ್ ಬೇರೆಯದೇ ವಸ್ತು. ಜೀವಕೋಶದ ಡಿಎನ್‌ಎ, ಆರ್‌ಎನ್‌ಎಗಳಲ್ಲಿರುವ ಅಡೆನಿನ್, ಗ್ವಾನಿನ್‌ಗಳು ಈ ಗುಂಪಿನವು. ಇವು ಒಡೆದರೆ ಉಳಿಯುವುದು ಯೂರಿಕ್ ಆಮ್ಲ. ಬಹುತೇಕ ಸಸ್ತನಿಗಳಲ್ಲಿ ಅದನ್ನು ಇನ್ನಷ್ಟು ಒಡೆಯುವ ಯೂರಿಕೇಸ್ ಎಂಬ ಕಿಣ್ವವಿದೆ, ಮನುಷ್ಯನಲ್ಲಿಲ್ಲ. ರಕ್ತದಲ್ಲಿ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಅದು ಕೀಲಿನಲ್ಲಿ ಹರಳುಗಟ್ಟಬಹುದು.

ಕಲೇಜಿ, ಗುರ್ದಾದಂಥ ಮಾಂಸದಲ್ಲಿ ಪ್ರೋಟೀನ್, ಪ್ಯೂರಿನ್ ಎರಡೂ ದಂಡಿಯಾಗಿ ಒಟ್ಟಿಗೇ ಇರುವುದರಿಂದ ಗೊಂದಲ ಹುಟ್ಟಿರಬೇಕು. ಆದರೆ ಕೋಳಿಮೊಟ್ಟೆ ನೋಡಿ: ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಪ್ಯೂರಿನ್ ಇಲ್ಲವೆನ್ನುವಷ್ಟು ಕಡಿಮೆ. ಹಾಲು, ಮೊಸರು, ಮಜ್ಜಿಗೆಯದೂ ಅದೇ ಕತೆ. ಬಿಯರ್‌ನಲ್ಲಿ ಪ್ರೋಟೀನ್ ನೆಪಕ್ಕಷ್ಟೇ, ಯೂರಿಕ್ ಆಮ್ಲವನ್ನಂತೂ ಅದು ಏರಿಸಿಯೇ ಏರಿಸುತ್ತದೆ.

ತೊಗರಿಯಲ್ಲಿ ಪ್ಯೂರಿನ್ ಇಲ್ಲವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಇದೆ, ಮಧ್ಯಮ ಪ್ರಮಾಣದಲ್ಲಿ. ಆದರೆ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ, 47,150 ಗಂಡಸರನ್ನು 12 ವರ್ಷ ಗಮನಿಸಿದ್ದು, ಮಾಂಸ ಮತ್ತು ಮೀನಿನಿಂದ ಗೌಟ್, ಅಂದರೆ ಈ ಕೀಲುಬೇನೆಯ ಅಪಾಯ ಹೆಚ್ಚುವುದನ್ನು ಕಂಡಿತು. ಪ್ಯೂರಿನ್ ಇರುವ ತರಕಾರಿಗಳಿಂದಾಗಲಿ ಒಟ್ಟು ಪ್ರೋಟೀನಿನಿಂದಾಗಲಿ ಹೆಚ್ಚಿದ್ದು ಕಾಣಲಿಲ್ಲ. ಹಾಲಿನ ಪದಾರ್ಥ ತಿನ್ನುವವರಲ್ಲಿ ಅಪಾಯ ಇನ್ನೂ ಕಡಿಮೆಯೇ ಇತ್ತು.

ಈ ಪಥ್ಯದಿಂದ ಆಗುವ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ ಎಂಬುದೇ ನನ್ನ ದೊಡ್ಡ ತಕರಾರು. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಮಾಂಸ ತಿನ್ನದ, ದಿನಾ ಹಾಲು ಕೊಳ್ಳಲಾಗದ ಕೂಲಿ ಮನೆಯಲ್ಲಿ ಜೋಳದ ರೊಟ್ಟಿಯ ಜೊತೆಗಿರುವ ಬಲ ಅದೇ. ಬ್ಯಾಳಿ ಬಿಟ್ಟ ಅರವತ್ತರ ಅಜ್ಜನಿಗೆ ಉಳಿಯುವುದು ರೊಟ್ಟಿ, ಖಾರ, ಅನ್ನ, ಸಕ್ಕರೆ ಸುರಿದ ಚಹಾ. ಸಕ್ಕರೆಯಲ್ಲಿರುವ ಫ್ರುಕ್ಟೋಸ್ ದೇಹದಲ್ಲಿ ಯೂರಿಕ್ ಆಮ್ಲ ಹುಟ್ಟುವುದನ್ನು ಹೆಚ್ಚಿಸುತ್ತದೆ. ಆ ಚಹಾದ ಬಗ್ಗೆ ಪಥ್ಯ ಹೇಳುವವರು ವಿಚಾರಿಸುವುದು ಕಡಿಮೆ. ಶೆರೆಯ ಬಗ್ಗೆಯೂ ಅಷ್ಟೇ. 40 ಡಿಗ್ರಿ ದಾಟುವ ಬ್ಯಾಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು ಎಷ್ಟು ನೀರು ಕುಡಿಯುತ್ತಾರೆ ಎಂದೂ ಕೇಳಬೇಕು, ಮೈ ನೀರು ಆರಿದರೂ ಈ ಆಮ್ಲ ಏರುತ್ತದೆ.

ಮೂತ್ರಪಿಂಡ ಕೆಟ್ಟವರ ವಿಷಯ ಬೇರೆ. ಅವರಿಗೆ ವೈದ್ಯರು ಪ್ರೋಟೀನನ್ನೇ ಅಳೆದು ಕೊಡುತ್ತಾರೆ, ಕಾರಣ ಯೂರಿಯಾ. ಆ ನಿಯಮವನ್ನು ಕೀಲುನೋವಿನವರೆಲ್ಲರಿಗೂ ಹೊರಿಸುವುದು ಸರಿಯಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ನಮ್ಮ ಯೂರಿಕ್ ಆಮ್ಲದ ಸುಮಾರು ಮೂರನೇ ಎರಡು ಪಾಲು ಊಟದಿಂದ ಬರುವುದಲ್ಲ, ದೇಹವೇ ಹಳೆಯ ಜೀವಕೋಶಗಳನ್ನು ಒಡೆಯುವಾಗ ಹುಟ್ಟುತ್ತದೆ. ಹಾಗಾಗಿ ಎಷ್ಟೇ ಕಟ್ಟುನಿಟ್ಟಿನ ಪಥ್ಯ ಹಿಡಿದರೂ ಇಳಿಯುವುದು ಸ್ವಲ್ಪವೇ. ಮತ್ತೆ ಮತ್ತೆ ಕೀಲು ಬಾಯುವವರಿಗೆ 1960ರ ದಶಕದಿಂದ ಬಳಕೆಯಲ್ಲಿರುವ ಅಲೊಪುರಿನಾಲ್‌ನಂಥ ಗುಳಿಗೆ ಇದೆ. ಬ್ಯಾಳಿ ಬಿಟ್ಟೆನಲ್ಲ, ಇನ್ನೇನು ಎಂದು ವೈದ್ಯರ ಬಳಿ ಹೋಗುವುದನ್ನೇ ಮುಂದೂಡಿದವರ ಕೀಲಲ್ಲಿ ಹರಳು ಬೆಳೆಯುತ್ತಲೇ ಇರುತ್ತದೆ.